ಓವರ್‌ಲೋಡ್ ಎಂದರೆ ಕೊನೆಗೆ ಹತ್ತಿದವರು

ಶೇಂಗಾ ಚಟ್ನಿ ಅರೆಯುವಾಗ ನಮ್ಮ ಮನೆಯ ಮಿಕ್ಸರ್ ನಡುವೆಯೇ ಮುನಿಸಿಕೊಂಡು ನಿಂತುಬಿಡುತ್ತದೆ. ಆಗ ನಮ್ಮ ಯಜಮಾನರು ಕಿರಾಣಿ ಅಂಗಡಿಯ ಗಿರಾಕಿಗಳನ್ನೂ ಬಿಟ್ಟು ಒಳಗೆ ಬಂದು, ಅದನ್ನು ಬೋರಲು ಹಾಕಿ, ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ, "ಓವರ್‌ಲೋಡ್ ಆಗಿತ್ತು" ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಆ ಗುಂಡಿ ಕಂಡುಹಿಡಿದ ದಿನದಿಂದ ಅವರು ತಮ್ಮನ್ನು ಅರ್ಧ ಇಂಜಿನಿಯರ್ ಎಂದೇ ತಿಳಿದಿದ್ದಾರೆ. ಶೇಂಗಾ ಹುರಿದು ಸಿಪ್ಪೆ ತೆಗೆದು ಕೈ ಸುಟ್ಟುಕೊಂಡವಳಿಗೆ ಒತ್ತಲು ಯಾವ ಗುಂಡಿಯೂ ಇಲ್ಲ, ಆ ಮಾತು ಬೇರೆ.

ಹೊರೆ, ಭಾರ, ಹೇರು ಎಂದು ಕನ್ನಡದಲ್ಲಿ ಒಂದಕ್ಕಿಂತ ಒಂದು ಗಟ್ಟಿ ಮಾತುಗಳಿರುವಾಗ ಈ ಇಂಗ್ಲಿಷ್ ಮಾತು ನಮಗೇಕೆ ಬೇಕಾಯಿತೋ ತಿಳಿಯದು. ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಗಡಹಿಂಗ್ಲಜದ ಸೀಮೆಯಲ್ಲಿ ಅದು ಯಾವ ತಂಟೆ ತಕರಾರಿಲ್ಲದೆ ಎರಡೂ ಕಡೆ ಉಂಡುಕೊಂಡಿದೆ. ಕಬ್ಬು ಹೇರಿದ ಟ್ರ್ಯಾಕ್ಟರಿಗೂ ಅದೇ, ಇಚಲಕರಂಜಿಯ ಮಗ್ಗದ ಮೋಟಾರಿಗೂ ಅದೇ, ಹೋಳಿಗೆ ಉಂಡ ಹೊಟ್ಟೆಗೂ ಅದೇ. ಆದರೆ ಅದರ ನಿಜವಾದ ಅರ್ಥ ನನಗೆ ಹೊಳೆದದ್ದು ನೇಸರಿಗೆ ಹೋಗುವ ಬಸ್ಸಿನಲ್ಲಿ. "ಪುಢ ಸರಕಾ, ಪುಢ ಸರಕಾ" ಎಂದು ನಿಂತವರನ್ನು ಮುಂದೆ ಸರಿಸುತ್ತ ಕಂಡಕ್ಟರ್ ಮಂದಿಯನ್ನು ತುಂಬುತ್ತಲೇ ಇರುತ್ತಾನೆ. ಫುಟ್‌ಬೋರ್ಡಿನ ಮೇಲೆ ನಿಂತವರೂ ಅಲ್ಲಿಯತನಕ ಸುಮ್ಮನಿರುತ್ತಾರೆ. ಕೆಳಗಿನಿಂದ ಇನ್ನೊಬ್ಬ ಕಾಲಿಟ್ಟನೋ, ತಾವೇ ಈಗಷ್ಟೇ ಹತ್ತಿದವರು ಕೂಡ ಓವರ್‌ಲೋಡ್ ಎಂದು ಕೂಗುತ್ತಾರೆ. ಒಳಗಿದ್ದವರಾರೂ ಭಾರವಲ್ಲ, ಕೊನೆಗೆ ಬಂದವನೊಬ್ಬನೇ ಭಾರ. ಇದನ್ನು ನೀವೂ ಕಂಡಿರುತ್ತೀರಿ, ಕೂಗಿಯೂ ಇರುತ್ತೀರಿ.

ನಮ್ಮ ಮಗಳ ಮದುವೆಯಲ್ಲಿ ಫೋಟೋ ತೆಗೆಯುವಾಗ ಹೀಗೇ ಆಯಿತು. ಚಿಕ್ಕಪ್ಪ, ದೊಡ್ಡಪ್ಪ, ಅವರ ಮೊಮ್ಮಕ್ಕಳು, ಯಾರ ಪೈಕಿಯೋ ತಿಳಿಯದ ನಾಲ್ಕಾರು ಮಂದಿ ಎಲ್ಲ ಹತ್ತಿ ವೇದಿಕೆಯ ಹಲಗೆ ಕಿರ್ರೆಂದಾಗ ನಮ್ಮ ಅರ್ಧ ಇಂಜಿನಿಯರರು ಕೈಯೆತ್ತಿ, "ಸ್ಟೇಜ್ ಓವರ್‌ಲೋಡ್ ಆಗೇತಿ, ಯಾರರ ಇಳೀರಿ" ಎಂದರು. ಕೊನೆಗೆ ಹತ್ತಿದ್ದವರು ಯಡ್ರಾವದ ನಮ್ಮ ಬೀಗಿತ್ತಿ. ಮೈಕೈ ತುಂಬಿದ ಹೆಣ್ಣುಮಗಳು. ಆ ಮಾತು ತಮಗೇ ಎಂದು ತಿಳಿದು, ಸೆರಗು ಸರಿಮಾಡಿಕೊಂಡು ಇಳಿದುಬಿಟ್ಟರು. ಗದ್ದಲದಲ್ಲಿ ಯಾರೂ ನೋಡಲಿಲ್ಲ. ಈಗ ಗೋಡೆಯ ಮೇಲಿನ ಆ ಫೋಟೋದಲ್ಲಿ ಯಾರ ಪೈಕಿಯೋ ತಿಳಿಯದವರು ಹಲ್ಲು ಕಿಸಿದು ನಿಂತಿದ್ದಾರೆ, ವರನ ತಾಯಿಯೇ ಇಲ್ಲ. ಅಂದಿನಿಂದ ಅವರು ನಮ್ಮೊಡನೆ "ಹೂಂ" ಬಿಟ್ಟು ಬೇರೆ ಮಾತಾಡಿದವರಲ್ಲ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ಬಾಣಂತನ ಮುಗಿದ ಮೇಲೆ ಇವಳು ಕೂಸನ್ನೆತ್ತಿಕೊಂಡು ಆ "ಹೂಂ" ಇರುವ ಮನೆಗೇ ಹೋಗಿ ಬಾಳಬೇಕಲ್ಲ ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು.

ಹೆರಿಗೆ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಆಯಿತು. ಕೂಸನ್ನು ನೋಡಲು ಬೀಗರು, ಬೀಗಿತ್ತಿ ಬಂದಾಗ, ಮಾತು ಕೂಡಿಸಲು ಇದೇ ತಕ್ಕ ಗಳಿಗೆ ಎಂದು ನಾವಿಬ್ಬರೂ ಕೆಳಗೆ ಹೋಗಿ ಬರಮಾಡಿಕೊಂಡೆವು. ಸಣ್ಣ ಲಿಫ್ಟಿನಲ್ಲಿ ಬುತ್ತಿಡಬ್ಬಿ ಹಿಡಿದ ಇಬ್ಬರು ಮೊದಲೇ ಇದ್ದರು. ನಾವು ಮೂವರು ಹತ್ತಿದೆವು. ಕೊನೆಗೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಚೀಲದೊಡನೆ, ಬೀಗಿತ್ತಿ ಕಾಲಿಟ್ಟರು. ಲಿಫ್ಟು ಕಿರುಚತೊಡಗಿತು.

ಬೀಗಿತ್ತಿಯ ಮುಖ ಕಪ್ಪಿಟ್ಟಿತು. ನಮ್ಮವರು ಬಾಯಿ ತೆರೆದರು. ನಾನು ಅವರ ಕಾಲನ್ನು ಬಲವಾಗಿಯೇ ತುಳಿದೆ. ಮರ್ಮ ತಿಳಿದೋ, ನೋವಿಗೋ, ಅವರು ಹೊರಗೆ ಜಿಗಿದರು. ಕಿರುಚಾಟ ನಿಲ್ಲಲಿಲ್ಲ. ಬುತ್ತಿಡಬ್ಬಿಯವರು ತಮಗೂ ಭೂಮಿಯ ಭಾರಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೇಲೆ ನೋಡುತ್ತ ನಿಂತಿದ್ದರು. ಮರ್ಯಾದಸ್ಥರಾದ ಬೀಗರು ಇಳಿದರು, ಸದ್ದು ನಿಂತಿತು. ಆದರೆ ಬೀಗರನ್ನು ಹೊರಗೆ ನಿಲ್ಲಿಸಿ ಹೆಣ್ಣಿನ ಕಡೆಯವಳು ನಾನು ಮೇಲೆ ಹೋಗುವುದು ಯಾವ ರೀತಿ? ನಾನೂ ಇಳಿದೆ. ಬಾಗಿಲು ಮುಚ್ಚಿ, ಬೀಗಿತ್ತಿಯೊಬ್ಬರೇ ಬುತ್ತಿಡಬ್ಬಿಯವರೊಡನೆ ಹೋಗಿಬಿಟ್ಟರು. ಮತ್ತೆ ಒಂಟಿಯಾದರು, ಇನ್ನು ಜನ್ಮದಲ್ಲಿ ಮಾತಿಲ್ಲ ಎಂದು ನನಗೆ ಅಳುವೇ ಬಂತು.

ಸ್ವಲ್ಪ ಹೊತ್ತಿಗೆ ಲಿಫ್ಟು ಕೆಳಗೆ ಬಂದು ಬಾಗಿಲು ತೆರೆಯಿತು. ಒಳಗೆ ಬೀಗಿತ್ತಿ ಒಬ್ಬರೇ.

"ಬರ್ರಿ ಅಕ್ಕಾರ. ಹಡದಾಕಿ ಅವ್ವನ್ನ ಕೆಳಗ ಬಿಟ್ಟು ನಾ ಒಬ್ಬಾಕೀನ ಕೂಸಿನ ಮಾರಿ ನೋಡಲೇನ್ರಿ? ಬಿಟ್ಟು ಹೋದ್ರ ಹೆಂಗ ಆಗತೇತಿ ಅನ್ನೂದು ನನಗ ಗೊತ್ತೈತಿ" ಎಂದರು.

ನಾನು ಹೋಗಿ ಅವರ ಪಕ್ಕದಲ್ಲಿ ನಿಂತೆ. ನಮ್ಮವರೂ ನಗುತ್ತ ಕಾಲಿಟ್ಟರು. ಲಿಫ್ಟು ಚಕಾರವೆತ್ತಲಿಲ್ಲ, ಜಾಗ ಬೇಕಾದಷ್ಟಿತ್ತು. ಆದರೆ ಬೀಗಿತ್ತಿ ಅವರನ್ನೇ ನೋಡಿ ಮೆಲ್ಲಗೆ, "ನೀವು ಮೆಟ್ಟಲ ಹತ್ತಿ ಬರ್ರಿ ಬೀಗರ. ಓವರ್‌ಲೋಡ್ ಆಗತೇತಿ" ಎಂದರು.

ನಮ್ಮವರು ಇಳಿದರು. ಹೊರಗೇ ನಿಂತಿದ್ದ ಬೀಗರು ಮೀಸೆಯಡಿ ನಗುತ್ತ ಅವರಿಗೆ ಜೊತೆಯಾದರು. ಬಾಗಿಲು ಮುಚ್ಚಿತು.

"ಕೂಸು ಯಾರ್ನ ಹೋಲತೇತ್ರಿ?" ಎಂದು ಬೀಗಿತ್ತಿ ಕೇಳಿದರು. ಹುಟ್ಟಿದಾಗಿನಿಂದ ಕಂಡಕಂಡವರಿಗೆಲ್ಲ ನಾನು ಅದು ಥೇಟ್ ನಮ್ಮ ತವರಿನ ಮುಖ ಎಂದೇ ಹೇಳಿಕೊಂಡು ಬಂದಿದ್ದೆ.

"ನಿಮ್ಮನ್ನ" ಎಂದೆ.