ಕಾಫಿ ಪುಡಿ ಹಚ್ಚಿದ ಮಾಂಸ

ಬೊಂಬಾಯಿಗೆ ಹೊರಟ ನಮ್ಮ ಗಾಡಿ ಎಂಜಿನ್ನಿಗೆ ನೀರು ತುಂಬಲು ಹರಿಹರದಲ್ಲಿ ನಿಂತಿತು. ಸ್ಟೇಷನ್ನಿನ ಹೊರಗೆ ನಡುವಯಸ್ಸಿನ ಹೆಂಗಸೊಬ್ಬಳು ಕೆಂಡದ ಮೇಲೆ ಕುರಿಮಾಂಸ ಸುಡುತ್ತಿದ್ದಳು. ಉಪ್ಪು ಖಾರದ ಜೊತೆ ಕರ್ರಗಿನ ಪುಡಿಯೊಂದನ್ನು ತುಂಡುಗಳಿಗೆ ತಿಕ್ಕುತ್ತಿದ್ದಳು. ಮೂಗಿಗೆ ಬಡಿದದ್ದು ಕಾಫಿಯ ವಾಸನೆ!

"ಮಾಂಸಕ್ಕೆ ಕಾಫಿ ಪುಡಿ ಯಾಕಮ್ಮ?" ಎಂದೆ.

"ಚಿಕ್ಕಮಗ್ಳೂರು ತೋಟದ ಬಂಗ್ಲೆದಾಗ ನಮ್ಮನೆಯೋರು ಅಡಿಗೆ ಮಾಡ್ತಿದ್ರು. ಅವ್ರು ಕಲ್ಸಿದ್ದು ರೀ. ಕೂಡ್ರಿ."

ತೋಟ ಮಾರಿ ತನ್ನ ದೇಶಕ್ಕೆ ಹೊರಟ ದೊರೆ, ಅಡಿಗೆಗೆ ಬೇಕೆಂದು ಈಕೆಯ ಗಂಡನನ್ನೂ ಹಡಗು ಹತ್ತಿಸಿಕೊಂಡು ಹೋದನಂತೆ. ಎರಡು ಕಾಗದ ಬಂದವು, ಆಮೇಲೆ ಇಲ್ಲ. ಈಕೆ ತವರೂರಾದ ಹರಿಹರಕ್ಕೆ ಬಂದು ಈ ಒಲೆ ಹೂಡಿದ್ದಾಳೆ.

ಮುತ್ತುಗದ ಎಲೆಯಲ್ಲಿ ಕೊಟ್ಟ ತುಂಡನ್ನು ಬಾಯಿಗಿಟ್ಟೆ. ಹೊರಗೆ ತುಸು ಕಹಿ, ಒಳಗೆ ಬಲು ಮೆತ್ತಗೆ. ಇಂಥ ರುಚಿ ಎಲ್ಲೂ ಕಂಡಿಲ್ಲ ಎಂದೆ.

"ಅವ್ರ ಕೈಯಾಗ ಇನ್ನೂ ಚೆನ್ನಾಗಿ ಆಗ್ತೈತೆ. ನನಗೆ ಆ ಹದ ಸಿಕ್ಕಿಲ್ಲ."

ಸೀಟಿ ಕೇಳಿತು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದಳು. ಬೊಂಬಾಯಿಗೆ ಎಂದೆ. ಬೀಸಣಿಗೆ ಕೆಳಗಿಟ್ಟು ಎದ್ದು ನಿಂತಳು.

"ಹಡಗು ಬರೋದು ಅಲ್ಲೇ ಅಲ್ಲೇನ್ರಿ? ಮಾಂಸಕ್ಕೆ ಕಾಫಿ ಪುಡಿ ಹಚ್ಚೋರು ಯಾರಾದ್ರೂ ಕಂಡ್ರೆ, ತೋಟದಾಗ ಹುಡುಕೋದು ಬ್ಯಾಡ, ನಾನು ಹರಿಹರದಾಗ ಅದೀನಿ ಅಂತ ಹೇಳ್ರಿ."