ಪೂರ್ತಿ ನಿಂತ ಮೇಲೆ

ಶಿರಸಿಯಲ್ಲಿ ಗುರುಸಿದ್ಧಪ್ಪ ಮಾಸ್ತರರಿಂದ ಶಭಾಷ್ ಅನ್ನಿಸಿಕೊಳ್ಳುವುದು ಸುಲಭವಲ್ಲ. ಬನವಾಸಿ ಕಡೆಯ ಈ ಮಾಸ್ತರರು ಕಲಿಸಿದ್ದು ಶಾಲೆಯಲ್ಲಲ್ಲ, ಬಾಲದಡಿ ಪುಟ್ಟ ಚಕ್ರವಿರುವ ಎರಡು ಸೀಟಿನ ವಿಮಾನದಲ್ಲಿ. ನಿವೃತ್ತರಾಗಿ ಹದಿನೈದು ವರ್ಷವಾದರೂ ಅವರ ಪಾದಗಳು ಕೆಲಸ ಬಿಟ್ಟಿಲ್ಲ; ಯಲ್ಲಾಪುರದ ಬಸ್ಸಿನಲ್ಲಿ ಪ್ರತಿ ತಿರುವಿಗೂ, ವಿಮಾನವನ್ನು ನೇರ ಹಿಡಿದಿಡುವ ಆ ಪೆಡಲು ಇಲ್ಲೂ ಇದೆಯೆಂಬಂತೆ ತುಳಿಯುತ್ತಾರೆ. ಸ್ಕೂಟರ್ ನಿಲ್ಲಿಸುವ ಮುನ್ನ ಯಾವುದಾದರೂ ಬಾವುಟ ಹುಡುಕಿ, ವಿಮಾನ ಇಳಿಸುವವರಂತೆ ಗಾಳಿಗೆ ಮುಖ ಮಾಡುತ್ತಾರೆ. “ಇಳದ ಕೂಡ್ಲೆ ಮುಗೀತು ಅನಬ್ಯಾಡ್ರಿ. ನೆಲಾ ಮುಟ್ಟಿದ ಮ್ಯಾಲೇ ವಿಮಾನದ ಬಾಲ ಮುಂದ ಬರಾಕ ನೋಡ್ತದ,” ಎಂದು ಕ್ಷೌರದಂಗಡಿಯಲ್ಲೂ ಪಾಠ ಮಾಡುತ್ತಾರೆ. ಹೆಂಡತಿ ಅನ್ನಪೂರ್ಣವ್ವನ ಹೋಳಿಗೆಯನ್ನೂ ಕೈ ತೊಳೆದ ಮೇಲೆಯೇ ಹೊಗಳುವುದು. ಹೊಗಳುವುದರಲ್ಲಿ ಜಿಪುಣರೆಂದು ನಾವು ನೆರೆಯವರು ನಗುತ್ತಿದ್ದೆವು. ಮೊನ್ನೆ ಅವರ ಮೊಮ್ಮಗಳು ಶಿವರಂಜನಿ ಮೊದಲ ಸಲ ತಾನೇ ಸ್ಕೂಟರ್ ಓಡಿಸಿಕೊಂಡು ಅಂಗಳಕ್ಕೆ ಬಂದಾಗ ನಾನು ಚಪ್ಪಾಳೆಗೆ ಕೈ ಎತ್ತಿದೆ. ಮಾಸ್ತರರು ನನ್ನ ಮುಂಗೈ ಹಿಡಿದರು. “ನನ್ನ ಶಿಷ್ಯ ಒಬ್ಬಾಂವ ಭಾಳ ಚಂದ ಇಳಿಸಿದ್ದ. ಚಕ್ರ ನೆಲಾ ಮುಟ್ಟಿದ ಕೂಡ್ಲೆ ನಾ ಹಿಂದಿನ ಸೀಟಿನಿಂದ ಶಭಾಷ್ ಅಂದೆ. ಅಂವ ಪೆಡಲಿನಿಂದ ಕಾಲು ತಗದ, ವಿಮಾನ ಗರ್ರನೆ ತಿರುಗಿ ಮಗಚಿತು. ಅಂವ ಇವತ್ತಿಗೂ ಎದ್ದು ನಡಿಯಂಗಿಲ್ರಿ,” ಎಂದರು ಮೆಲ್ಲಗೆ. ಶಿವರಂಜನಿ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆದು, ಕೆಳಗಿಳಿದಳು. ಆಗ ಅವರು ನನ್ನ ಕೈ ಬಿಟ್ಟರು. “ಈಗ ಹೊಡೀರಿ.”