ನೀಲಿ ನಿಲುವಂಗಿಯ ಹರಕು

ಅಲ್ ಅರೀಶ್ ಊರಿನ ಹೊರಗೆ, ಖರ್ಜೂರದ ತೋಪಿನ ಅಂಚಿನಲ್ಲಿ, ಯಾರ ಬಟ್ಟೆ ಹರಿದರೂ ಅದು ಕೊನೆಗೆ ಬಂದು ಬೀಳುತ್ತಿದ್ದುದು ಸಬ್ಹಾಳ ಮಡಿಲಿಗೇ. ಆಡು ಜಗಿದದ್ದಿರಲಿ, ಒಲೆಯ ಕಿಡಿ ಸುಟ್ಟದ್ದಿರಲಿ, ಹರಕನ್ನು ಸುಮ್ಮನೆ ಮುಚ್ಚಿಹಾಕುವ ಪೈಕಿ ಅವಳಲ್ಲ. ಅದರ ಮೇಲೆ ದಾರದಲ್ಲೊಂದು ಮರ ಎಬ್ಬಿಸುವಳು, ಇಲ್ಲವೆ ಸುತ್ತ ನಕ್ಷತ್ರ ಕೂರಿಸುವಳು. “ಹರಿದದ್ದೇ ಒಳ್ಳೇದಾಯ್ತು” ಎಂದು ಬಟ್ಟೆಯವರ ಬಾಯಿಂದ ಬರುವ ತನಕ ಅಂಗಿ ಕೈಗೆ ಕೊಡುತ್ತಿರಲಿಲ್ಲ. ಜಂಬ ಸ್ವಲ್ಪ ಜಾಸ್ತಿಯೇ. ಅಂಥ ಕೈಯಿದ್ದರೆ ಯಾರಿಗೆ ಇರುವುದಿಲ್ಲ?

ಮಗ ತೀರಿಹೋದ ಮೇಲೆ ಅವಳ ಜೊತೆಗುಳಿದವಳು ಸೊಸೆ ಹಮ್ದಾ. ಅವಳಿಗೆ ಮಕ್ಕಳಿಲ್ಲ, ತವರಲ್ಲಿ ತಾಯಿಯೂ ಇಲ್ಲ. ಅತ್ತೆ ಸೊಸೆ ದಿನವಿಡೀ ಕಚ್ಚಾಡಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆ ಸೀಮೆಯಲ್ಲಿ ಗಂಡ ಸತ್ತವಳ ನಿಲುವಂಗಿಗೆ ನೀಲಿ ಕಸೂತಿ. ಮತ್ತೆ ಮದುವೆಗೆ ಮನಸ್ಸಿದ್ದರೆ ನೀಲಿಯ ನಡುವೆ ಕೆಂಪು ಸೇರುತ್ತದೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ನೋಡಿದವರಿಗೆ ತಿಳಿಯುತ್ತದೆ. ಹಮ್ದಾಳ ಅಂಗಿ ಎಷ್ಟು ಸಲ ಹರಿದರೂ ಸಬ್ಹಾ ನೀಲಿ ದಾರವನ್ನೇ ಪೋಣಿಸಿದ್ದಳು. ಸೊಸೆ ಹೊರಟುಹೋದರೆ ಮನೆಯಲ್ಲಿ ಜಗಳಕ್ಕೂ ಜನವಿಲ್ಲ ಎಂಬ ಹೆದರಿಕೆ ಅವಳಿಗೆ.

ಒಂದು ಮಧ್ಯಾಹ್ನ ಹಮ್ದಾ ಅಂಗಿ ತಂದು ಮುಂದಿಟ್ಟಳು. ಎದೆಯ ಹತ್ತಿರ ಗೇಣುದ್ದ ಹರಕು.

“ಜಾಲಿ ಮುಳ್ಳು ತಗುಲಿತು ಅತ್ತೆ.”

ಸಬ್ಹಾ ಅಂಚಿನ ಮೇಲೆ ಬೆರಳಾಡಿಸಿದಳು. ಮುಳ್ಳು ಎಳೆದರೆ ನೂಲು ಕಿತ್ತು ಜೋತುಬೀಳುತ್ತದೆ. ಇಲ್ಲಿ ಒಂದೆಳೆಯೂ ಜೋತುಬಿದ್ದಿರಲಿಲ್ಲ.

“ಮುಳ್ಳಿನ ಕೈಗೆ ಕತ್ತರಿ ಕೊಟ್ಟೋರು ಯಾರೇ?”

ಹಮ್ದಾ ತಲೆ ತಗ್ಗಿಸಿದಳು.

“ಬಾವಿ ಹತ್ರ ಆ ಫ್ರೇಜ್ ಬರ್ತಾನಲ್ಲ, ಅವನ ಒಂಟೆಗಳಿಗೆ ಈಚೆಗೆ ಬಾಯಾರಿಕೆ ಜಾಸ್ತಿ ಅಂತ ನಾನೂ ನೋಡ್ತಾನೇ ಇದೀನಿ.”

“ನೀವು ನೀಲೀನೇ ಹಾಕಿ ಅತ್ತೆ. ನಾನೇನೂ ಕೇಳ್ಲಿಲ್ಲ.”

“ಕೇಳ್ಲಿಲ್ಲ, ನಿಜ. ನಾನು ಹಾಕಿದ ಹೊಲಿಗೇನೇ ನೀನು ಕತ್ತರಿಸಿಟ್ಟೆ. ಹೋಗು, ಹಿಟ್ಟು ನಾದು.”

ಸಬ್ಹಾಳಿಗೆ ಸಂಕಟವಾಯಿತು. ಹುಡುಗಿ ಹೋಗುತ್ತಾಳಲ್ಲ ಎಂದು ಒಂದು ಸಂಕಟ. ತನ್ನ ಮುಂದೆ ಇಷ್ಟು ಮಾತಾಡುವುದಕ್ಕೂ ಅವಳಿಗೆ ಬಾಯಿ ಬರಲಿಲ್ಲವಲ್ಲ ಎಂಬುದು ಅದಕ್ಕಿಂತ ದೊಡ್ಡದು. ನೀಲಿ ಉಂಡೆಯನ್ನು ಬದಿಗೆ ಸರಿಸಿ ಗಂಟಿನ ತಳದಿಂದ ಕೆಂಪು ದಾರ ಹುಡುಕಿ ತೆಗೆದಳು. ಹರಕಿನ ಉದ್ದಕ್ಕೂ ದಾಳಿಂಬೆ ಹೂ ಹಾಕಿದಳು. ಫ್ರೇಜನನ್ನು, ಅವನ ಒಂಟೆಗಳನ್ನು, ಬಾವಿ ತೋಡಿದವರನ್ನು ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ ಹೊಲಿದಳು. ಅಷ್ಟು ಚೆಂದದ ಕೆಲಸ ಅವಳ ಕೈಯಿಂದ ಅದುವರೆಗೆ ಬಂದಿರಲಿಲ್ಲ.

ಅಂಗಿ ಕೈಗೆ ಬಂದಾಗ ಹಮ್ದಾ ಅತ್ತೆಯ ಮಂಡಿಯ ಮೇಲೆ ಮುಖವಿಟ್ಟು ಅತ್ತಳು. ಮಾರನೆಯ ದಿನ ಅದನ್ನೇ ತೊಟ್ಟು ಬಾವಿಗೆ ಹೋದಳು.

ಖರ್ಜೂರದ ಕೊಯ್ಲು ಮುಗಿಯುವಷ್ಟರಲ್ಲಿ ಫ್ರೇಜನ ಕಡೆಯ ಹೆಂಗಸರು ಬಂದರು. ಅವರ ಪೈಕಿ ಹಿರಿಯಳು ಚಹಾ ಮುಗಿಸಿ ಗಂಟಲು ಸರಿಮಾಡಿಕೊಂಡಳು.

“ಹುಡುಗಿಗೆ ತಾಯಿ ಇಲ್ವಂತೆ. ಮಾತು ಯಾರ ಹತ್ರ ತೆಗೀಬೇಕು?”

ಸಬ್ಹಾ ಅವಳ ಲೋಟಕ್ಕೆ ಮತ್ತೆ ಚಹಾ ಬಗ್ಗಿಸಿದಳು.

“ಇಲ್ಲ ಅಂದೋರು ಯಾರು? ಎದುರಿಗೇ ಕೂತಿದೀನಲ್ಲ.”